ಮೊದಲು ಕೊಳಗ ನೋಡಿ

ಮಾನ್ಯ ಸಂಪಾದಕರೇ,

ಕೆಲವು ದಿನದಿಂದ ನಿಮ್ಮ ಓದುಗರ ಪುಟದಲ್ಲಿ ಒಂದೇ ಜಗಳ. ದೆಹಲಿಯಲ್ಲಿ ಈಗಿನವರಿಗೆ ಪರ್ಯಾಯ ಯಾರು? ವಿರೋಧ ಪಕ್ಷದಲ್ಲಿ ಪ್ರಧಾನಿ ಆಗುವಂಥ ಮುಖ ಯಾವುದು? ಒಬ್ಬರು ಒಂದು ಹೆಸರು ಹೇಳುತ್ತಾರೆ, ಮರುದಿನ ಇನ್ನೊಬ್ಬರು ಅದನ್ನು ಆಡಿಕೊಂಡು ನಗುತ್ತಾರೆ. ಓದಿ ಓದಿ ನನಗೆ ನಮ್ಮ ಮನೆಯ ಅಟ್ಟದ ಮೇಲಿರುವ, ಭತ್ತ ಅಳೆಯುವ ಕೊಳಗ ನೆನಪಾಯಿತು. ನಗಬೇಡಿ, ಸಂಬಂಧ ಇದೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ನಮ್ಮಜ್ಜ ಬೇರೆಯವರ ಗದ್ದೆ ಉಳುವ ಗೇಣಿದಾರ. ಸುಗ್ಗಿಯಲ್ಲಿ ಗೇಣಿ ಭತ್ತ ಅಳೆಯಲು ಒಡೆಯರ ಕಡೆಯವರು ಕಣಕ್ಕೆ ಬರುವಾಗ ಕೊಳಗವನ್ನೂ ಅವರೇ ತರುತ್ತಿದ್ದರಂತೆ. ನೋಡಲಿಕ್ಕೆ ಎಲ್ಲ ಕೊಳಗದ ಹಾಗೇ, ಆದರೆ ಹೊಟ್ಟೆ ದೊಡ್ಡದು. ಮಳೆಗಾಲದಲ್ಲಿ ಮನೆಯಲ್ಲಿ ಕಾಳು ಮುಗಿದು ಭತ್ತ ಸಾಲ ಕೇಳಲು ಹೋದರೆ ಬೇರೆ ಕೊಳಗ ಹೊರಗೆ ಬರುತ್ತಿತ್ತು. "ತಗಳದು ದೊಡ್ಡದರಲ್ಲಿ, ಕೊಡದು ಸಣ್ಣದರಲ್ಲಿ" ಎಂದು ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಿದ್ದ. ಸಿಟ್ಟೂ ಇಲ್ಲ, ಏನೂ ಇಲ್ಲ, ಇವತ್ತು ಮಳೆ ಬಂತು ಅನ್ನುವ ಹಾಗೆ. ಅಟ್ಟದ ಮೇಲಿರುವುದು ನಮ್ಮ ಮನೆಯದೇ ಕೊಳಗ. ಬಾಯಿಯ ಸುತ್ತ ಹಿತ್ತಾಳೆ ಪಟ್ಟಿ ಇದೆ, ತಳ ಹುಳು ತಿಂದಿದೆ.

ಈ ಅಳತೆಯ ಮೋಸವನ್ನೇ ಹಿಡಿದು 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬಂದು ಸೇರಿಕೊಂಡರು. ಗೇಣಿದಾರರು ತಂಡ ತಂಡವಾಗಿ ಗದ್ದೆಗೆ ಇಳಿದು ದಸ್ತಗಿರಿಯಾದರು. ಆ ಜೂನ್ ತಿಂಗಳಲ್ಲಿ ಉತ್ತರದಿಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು. ದೇಶದ ಮೊದಲ ಚುನಾವಣೆಯೇ ಇನ್ನೂ ನಡೆದಿರಲಿಲ್ಲ. ಜರ್ಮನಿಯಲ್ಲಿ ಓದಿ ಡಾಕ್ಟರೇಟ್ ತಂದ ಮನುಷ್ಯ ಮಲೆನಾಡಿನ ಮಳೆಯಲ್ಲಿ ಬಂದು ಒಂದು ಭತ್ತದ ಕೊಳಗಕ್ಕಾಗಿ ಜೈಲಿಗೆ ಹೋದದ್ದು ನಮ್ಮ ಹಳ್ಳಿಯವರಿಗೆ ಆಗ ಅರ್ಥವೇ ಆಗಿರಲಿಲ್ಲವಂತೆ.

ಈಗ 1963ಕ್ಕೆ ಬನ್ನಿ. ಲೋಹಿಯಾ ಹಿಂದಿನ ವರ್ಷ ಫೂಲ್‌ಪುರದಲ್ಲಿ ನೆಹರೂ ಎದುರೇ ನಿಂತು ಸೋತಿದ್ದರು. ಆಮೇಲೆ ಫರೂಕಾಬಾದ್ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಚೀನಾ ಯುದ್ಧ ಸೋತು ವರ್ಷವೂ ತುಂಬಿರಲಿಲ್ಲ. ಆಗಸ್ಟ್‌ನಲ್ಲಿ ವಿರೋಧ ಪಕ್ಷದ ಸಾಲಿನ ಆಚಾರ್ಯ ಕೃಪಲಾನಿ ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಮಂಡಿಸಿದರು, ಲೋಕಸಭೆಯ ಚರಿತ್ರೆಯಲ್ಲಿ ಅದೇ ಮೊದಲನೆಯದು. ಸರ್ಕಾರ ಬೀಳುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆಗಲೂ ಊರೆಲ್ಲ "ನೆಹರೂ ನಂತರ ಯಾರು" ಅಂತಲೇ ಕೇಳುತ್ತಿತ್ತು, ನಿಮ್ಮ ಓದುಗರ ಪುಟದ ಹಾಗೇ. ಲೋಹಿಯಾ ಎದ್ದು ನಿಂತು ಕೇಳಿದ್ದೇ ಬೇರೆ. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ (ರೂಪಾಯಿಗೆ ಹದಿನಾರಾಣೆ) ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ, ಇದಕ್ಕೆ ಏನು ಹೇಳುತ್ತೀರಿ ಎಂದರು. ಸರ್ಕಾರದ ಕಡೆಯವರು ಮೂರಾಣೆ ಅಲ್ಲ, ಹದಿನೈದಾಣೆ ಎಂದರು. ಮುಂದೆ ಈ ಲೆಕ್ಕದ ಮೇಲೇ ಸದನದಲ್ಲಿ ಪ್ರತ್ಯೇಕ ಚರ್ಚೆ ಆಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಸರಾಸರಿ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಇದನ್ನೇ ಬರೆಯುತ್ತಿದ್ದೆ. ಹತ್ತು ಜನ ಇದ್ದಾರೆ. ಒಂಬತ್ತು ಜನಕ್ಕೆ ತಲಾ ಮೂರಾಣೆ, ಹತ್ತನೆಯವನಿಗೆ 123 ಆಣೆ. ಕೂಡಿಸಿ, ಹತ್ತರಿಂದ ಭಾಗಿಸಿ. ಹದಿನೈದಾಣೆ! ಅಂದರೆ ಹದಿನೈದು ಅಂದವನೂ ಸುಳ್ಳು ಹೇಳಿಲ್ಲ, ಮೂರು ಅಂದವನೂ ಹೇಳಿಲ್ಲ. ಮಕ್ಕಳು ಒಂದು ನಿಮಿಷ ಸುಮ್ನೆ ಕೂರುತ್ತಿದ್ದರು. ಹಿಂದಿನ ಬೆಂಚಿನವನು ಒಬ್ಬ ಒಮ್ಮೆ "ಸಾರ್, ಹಂಗಾದ್ರೆ ಹತ್ತನೆಯವನನ್ನ ತೆಗೆದು ಲೆಕ್ಕ ಹಾಕಬೇಕು" ಎಂದ. ಅವನಿಗೆ ಲೋಹಿಯಾ ಹೆಸರೂ ಗೊತ್ತಿರಲಿಲ್ಲ! ಸರಾಸರಿಯೂ ಒಡೆಯರ ಕೊಳಗದ ಹಾಗೇ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ.

ಲೋಹಿಯಾ ಅಂಕಿ ನಿಖರವಾಗಿ ಸರಿಯೇ ಎಂದು ನಾನು ವಾದಿಸುತ್ತಿಲ್ಲ. ಒಬ್ಬ ಸೋತು ಗೆದ್ದ ಸದಸ್ಯ, ಅಧಿಕೃತ ವಿರೋಧ ಪಕ್ಷದ ನಾಯಕ ಎನ್ನುವ ಸ್ಥಾನವೂ ಇಲ್ಲದವನು, ಸರ್ಕಾರದ ಕೊಳಗವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಸರ್ಕಾರವೂ ಲೆಕ್ಕ ಒಪ್ಪಿಸಲೇಬೇಕಾಯಿತು. ನೆಹರೂ ಬಗ್ಗೆಯೂ ಒಂದು ಮಾತು ಹೇಳಬೇಕು. ಚರ್ಚೆಗೆ ಉತ್ತರ ಕೊಡುವಾಗ ಅವರು ಈ ಗೊತ್ತುವಳಿಯನ್ನು ತಾನು ಸ್ವಾಗತಿಸಿದ್ದೇನೆ, ಇಂಥ ಪರೀಕ್ಷೆ ಆಗಾಗ ನಡೆದರೆ ಒಳ್ಳೆಯದೇ ಎನ್ನುವ ಅರ್ಥದ ಮಾತಾಡಿದರು. ಇಷ್ಟು ಬಹುಮತ ಇಟ್ಟುಕೊಂಡು ಹಾಗೆ ಹೇಳುವವರು ಈಗ ಯಾವ ಪಕ್ಷದಲ್ಲಿ ಸಿಗುತ್ತಾರೆ, ನೀವೇ ಹೇಳಿ.

ಆದರೆ ನನಗೆ ಲೋಹಿಯಾ ಇಷ್ಟವಾಗುವುದು ಈ ಭಾಷಣಕ್ಕಿಂತ ಜಾಸ್ತಿ ಇನ್ನೊಂದು ವಿಷಯಕ್ಕೆ. ಅದು 1954ರದು, ಈಗ ಯಾರೂ ನೆನೆಸಿಕೊಳ್ಳುವುದಿಲ್ಲ. ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ (ಈಗ ಬಹುಪಾಲು ಕೇರಳದಲ್ಲಿದೆ) ಪಟ್ಟಂ ತಾಣು ಪಿಳ್ಳೆ ಮುಖ್ಯಮಂತ್ರಿ. ಪ್ರಜಾ ಸಮಾಜವಾದಿ ಪಕ್ಷದ ಸರ್ಕಾರ. ಲೋಹಿಯಾ ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿ. ದಕ್ಷಿಣದ ತಮಿಳು ತಾಲ್ಲೂಕುಗಳಲ್ಲಿ ನಮ್ಮನ್ನು ಮದರಾಸಿಗೆ ಸೇರಿಸಿ ಎಂದು ಚಳವಳಿ ನಡೆಯುತ್ತಿತ್ತು. ಆಗಸ್ಟ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಲೋಹಿಯಾ ಆಗ ಉತ್ತರ ಪ್ರದೇಶದಲ್ಲಿ ಜೈಲಿನಲ್ಲಿದ್ದರು. ಅಲ್ಲಿಂದಲೇ ತಮ್ಮದೇ ಮುಖ್ಯಮಂತ್ರಿಗೆ ರಾಜೀನಾಮೆ ಕೊಡಿ ಎಂದರು. ಸುಮ್ನೆ ಯೋಚನೆ ಮಾಡಿ. ಕಾಂಗ್ರೆಸ್ ಬಿಟ್ಟರೆ ಬೇರೆ ಯಾರಿಗೂ ರಾಜ್ಯ ಸಿಗುವುದೇ ಕಷ್ಟ ಇದ್ದ ಕಾಲ, ಕೈಗೆ ಬಂದ ಒಂದೇ ಒಂದು ಸರ್ಕಾರ, ಅದೂ ಕಾಂಗ್ರೆಸ್ ಬೆಂಬಲದ ಮೇಲೆ ನಿಂತದ್ದು, ಅದನ್ನು ಬಿಟ್ಟುಬಿಡಿ ಎನ್ನುತ್ತಾನೆ ಈ ಮನುಷ್ಯ! ಪಿಳ್ಳೆ ರಾಜೀನಾಮೆ ಕೊಡಲಿಲ್ಲ. ಪಕ್ಷದ ದೊಡ್ಡವರು ಪಿಳ್ಳೆ ಪರ ನಿಂತರು. ಲೋಹಿಯಾ ತಮ್ಮ ಹುದ್ದೆ ಬಿಟ್ಟರು, ಮರುವರ್ಷ ಪಕ್ಷದಿಂದಲೂ ಹೊರಗಾದರು. ಕಾಂಗ್ರೆಸ್ ಸರ್ಕಾರದ ಗುಂಡಿಗೆ ಒಂದು ಕೊಳಗ, ನಮ್ಮ ಸರ್ಕಾರದ ಗುಂಡಿಗೆ ಇನ್ನೊಂದು ಎಂದು ಅವರು ಇಟ್ಟುಕೊಳ್ಳಲಿಲ್ಲ, ಅಷ್ಟೇ.

ನಾನೇನು ಲೋಹಿಯಾವಾದಿ ಅಲ್ಲ. ಪಕ್ಷ ಒಡೆಯುವುದರಲ್ಲಿ ಸಮಾಜವಾದಿಗಳನ್ನು ಮೀರಿಸಿದವರಿಲ್ಲ ಅನ್ನುವುದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕಾಂಗ್ರೆಸ್ ಸೋಲಿಸಲಿಕ್ಕೆ ಎಲ್ಲರೂ ಒಂದಾಗಿ ಎಂದು ಅವರು ಹೇಳಿದರು. 1967ರಲ್ಲಿ ಹಾಗೇ ಆಯಿತು, ಅಮೃತಸರದಿಂದ ಕಲ್ಕತ್ತಾವರೆಗೆ ಕಾಂಗ್ರೆಸ್ ಸರ್ಕಾರ ಇರುವ ಒಂದು ರಾಜ್ಯವನ್ನೂ ಮುಟ್ಟದೆ ಹೋಗಬಹುದು ಎನ್ನುವ ಮಾತು ಹುಟ್ಟಿತು. ಜನಸಂಘ, ಕಮ್ಯುನಿಸ್ಟರು, ಕಾಂಗ್ರೆಸ್ ಬಿಟ್ಟುಬಂದವರು ಎಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಊಟ ಮುಗಿಯುವ ಮೊದಲೇ ಎದ್ದರು. ಹರಿಯಾಣದಲ್ಲಿ ಗಯಾ ಲಾಲ್ ಎನ್ನುವ ಶಾಸಕರು ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿ ಪಕ್ಷಾಂತರಿಗಳಿಗೆ "ಆಯಾ ರಾಮ್ ಗಯಾ ರಾಮ್" ಅನ್ನುವ ಹೆಸರು ಕೊಟ್ಟದ್ದೂ ಅದೇ ವರ್ಷ. ಇದನ್ನೆಲ್ಲ ಪೂರ್ತಿ ನೋಡುವ ಮೊದಲೇ, ಅಕ್ಟೋಬರ್‌ನಲ್ಲಿ, ಲೋಹಿಯಾ ತೀರಿಕೊಂಡರು. ಬರೀ ಒಬ್ಬರನ್ನು ಇಳಿಸಲಿಕ್ಕೆ ಕಟ್ಟಿದ ಗುಂಪು ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕೆ ಉತ್ತರ ಅವರ ಬಳಿಯೂ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

ಬದುಕಿರುವ ಜನ ಐದು ವರ್ಷ ಕಾಯುತ್ತಾ ಕೂರುವುದಿಲ್ಲ ಎನ್ನುವ ಅವರ ಹೆಸರಿನ ಮಾತು ಈಗ ವಾಟ್ಸ್ಯಾಪಲ್ಲಿ ಓಡಾಡುತ್ತಿದೆ. ನಮ್ಮ ರಾಜ್ಯದಲ್ಲಿ ಐದು ವರ್ಷ ಕಾಯದೇ ಇರುವವರು ಶಾಸಕರೇ. ಅವರು ರೆಸಾರ್ಟಿಗೆ ಹೋಗುತ್ತಾರೆ! ಜನ ಕಾಯುತ್ತಲೇ ಇದ್ದಾರೆ. ಕಾಗೋಡಿನವರೂ ಕಾದರು. 1952ರಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋಗಿ ಗೇಣಿ ಗೇಣಿ ಎಂದು ಗಂಟಲು ಹರಿದುಕೊಂಡರು. ಉಳುವವನಿಗೆ ನೆಲ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ, ದೇವರಾಜ ಅರಸು ಕಾಲದಲ್ಲಿ, ಕಾಂಗ್ರೆಸ್ ಕೈಯಿಂದ. ಗೋಪಾಲಗೌಡರು 1972ರಲ್ಲೇ ಹೋಗಿಬಿಟ್ಟಿದ್ದರು. ಕೇಳಿದವರು ಒಬ್ಬರು, ಮಾಡಿದವರು ಇನ್ನೊಬ್ಬರು. ನಮ್ಮಜ್ಜನಿಗೆ ಒಂದೂಕಾಲು ಎಕರೆ ಬಂತು. ಅವನು ಯಾರಿಗೆ ಓಟು ಹಾಕುತ್ತಿದ್ದ ಅಂತ ಕಡೆಗೂ ಹೇಳಲಿಲ್ಲ.

ಹಾಗಾಗಿ ಸ್ವಾಮಿ, ಪರ್ಯಾಯ ಯಾರು ಎನ್ನುವ ಪ್ರಶ್ನೆ ಸ್ವಲ್ಪ ಪಕ್ಕಕ್ಕಿಡಿ. ವಿರೋಧ ಪಕ್ಷದವರು ಈ ಅಧಿವೇಶನದಲ್ಲಿ ಯಾವ ಅಂಕಿ ಕೇಳಿದರು, ಸರ್ಕಾರ ಯಾವ ಅಂಕಿ ಕೊಟ್ಟಿತು, ತಮ್ಮ ಪಕ್ಷ ಆಳುವ ರಾಜ್ಯದಲ್ಲಿ ಅದೇ ಪ್ರಶ್ನೆಯನ್ನು ಅವರು ಕೇಳಿದರಾ? ಇದನ್ನು ದಿನಾ ಹಾಕಿ. ಯಾರು ಸಭಾತ್ಯಾಗ ಮಾಡಿದರು, ಯಾರು ಮೇಜು ಹತ್ತಿದರು ಎನ್ನುವ ಫೋಟೋ ಬೇಡ, ಅದು ಮೊಬೈಲಲ್ಲೇ ಬರುತ್ತದೆ. ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು. ಜಾಗ ಇಲ್ಲ ಅನ್ನಬೇಡಿ. ರಾಶಿ ಭವಿಷ್ಯದಲ್ಲಿ ಒಂದು ರಾಶಿಯನ್ನು ವಾರಕ್ಕೊಮ್ಮೆ ಬಿಟ್ಟರೂ ಆಗುತ್ತದೆ, ನನ್ನದು ವೃಶ್ಚಿಕ, ನನ್ನದನ್ನೇ ಬಿಡಿ.

— ಒಬ್ಬ ನಿವೃತ್ತ ಗಣಿತದ ಮೇಷ್ಟ್ರು, ಸಾಗರ ತಾಲ್ಲೂಕು