ಭಾಗವತರು ಓಡಿಹೋದ ದೃಶ್ಯ

ಚಿರಂಜೀವಿ ಮಗಳಿಗೆ,

ತುಮಕೂರಿನಿಂದ ಅಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹಾಗೆಯೇ ಇದೆ, ಮಾತ್ರೆ ನುಂಗಲು ಮಾಡುವ ತಕರಾರೂ ಹಾಗೆಯೇ ಇದೆ.

ಕ್ರಿಸ್‌ಮಸ್ ರಜೆಯಲ್ಲಿ ನಾವು ನೋಡಿದ ‘ದಿ ಮಪೆಟ್ ಕ್ರಿಸ್‌ಮಸ್ ಕ್ಯಾರೊಲ್’ ಬಗ್ಗೆ ಪ್ರಬಂಧ ಬರೆಯಬೇಕು, ಗೊಂಬೆಗಳ ಸಿನಿಮಾದಲ್ಲಿ ಸಾಹಿತ್ಯವನ್ನು ಎಲ್ಲಿ ಹುಡುಕಲಿ ಎಂದು ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ.

ಮೊದಲು ಗಾನ್ಜೋ ಎಂಬ ಆ ನೀಲಿ ಗೊಂಬೆಯನ್ನು ಗಮನಿಸು. ತಾನೇ ಈ ಕಥೆ ಬರೆದ ಚಾರ್ಲ್ಸ್ ಡಿಕನ್ಸ್ ಎಂದುಕೊಂಡು ಕಥೆ ನಡೆಸುತ್ತಾನೆ. ಅದು ಬರೀ ತಮಾಷೆಯಲ್ಲ. 1843ರ ಡಿಸೆಂಬರಿನಲ್ಲಿ ಬಂದ ಮೂಲ ಕಿರುಕಾದಂಬರಿಯಲ್ಲೂ ನಿರೂಪಕ ಓದುಗನ ಮಗ್ಗುಲಲ್ಲೇ ನಿಂತು ಹರಟುತ್ತಾನೆ. 1992ರಲ್ಲಿ ಬ್ರಯಾನ್ ಹೆನ್ಸನ್ ನಿರ್ದೇಶಿಸಿದ ಈ ಚಿತ್ರ ಆ ದನಿಗೊಂದು ಮೈ ಕೊಟ್ಟಿತು, ಜೊತೆಗೆ ರಿಜ್ಜೋ ಎಂಬ ಇಲಿಯನ್ನೂ ನಿಲ್ಲಿಸಿತು. ನಮ್ಮ ತಿಪಟೂರು ಕಡೆಯ ಮೂಡಲಪಾಯ ಬಯಲಾಟದಲ್ಲಿ ಭಾಗವತರು ಪದ ಹೇಳುತ್ತಿರುವಾಗ ಸಾರಥಿ ಬಂದ ವೇಷಗಳನ್ನೆಲ್ಲ ತಡೆದು ‘ನೀವು ಯಾರು’ ಎಂದು ಕೇಳುವುದಿಲ್ಲವೇ, ಹಾಗೆ. ಕಥೆಯ ನಾಯಕನಾದ ಜಿಪುಣ ಸ್ಕ್ರೂಜ್ ಏನು ಮಾಡುತ್ತಿದ್ದಾನೆಂದು ನಿನಗೆ ಹೇಗೆ ಗೊತ್ತು ಎಂದು ಇಲಿ ಕೇಳುತ್ತದೆ. ನಮ್ಮ ಅನುಮಾನವೂ ಅದೇ ತಾನೇ?

ಈಗ ಸ್ಕ್ರೂಜ್‌ನನ್ನು ತಿದ್ದಲು ಬರುವ ಮೂರು ಭೂತಗಳಲ್ಲಿ ಮೂರನೆಯದು ಬರುವ ಹೊತ್ತನ್ನು ನೆನಪಿಸಿಕೋ. ನಿರೂಪಕರಿಬ್ಬರೂ ಹೆದರಿ, ಕೊನೆಯಲ್ಲಿ ಸಿಗೋಣ ಎಂದು ಹೇಳಿ ಕಾಲ್ಕೀಳುತ್ತಾರೆ. ಭಾಗವತರೇ ರಂಗ ಬಿಟ್ಟು ಓಡಿಹೋದರೆ ಆಟದ ಗತಿಯೇನು? ಆ ಭೂತವೋ ಮೂಲದಲ್ಲೂ ಮಾತಾಡುವುದಿಲ್ಲ, ಬೆರಳು ತೋರಿಸುತ್ತದೆ ಅಷ್ಟೆ. ಇಷ್ಟು ಹೊತ್ತು ಕೈಹಿಡಿದು ನಡೆಸಿದವರಿಲ್ಲದೆ ಸ್ಮಶಾನದಲ್ಲಿ ಸ್ಕ್ರೂಜ್‌ನ ಜೊತೆ ನಾವಷ್ಟೇ ಉಳಿಯುತ್ತೇವೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಜಾಣತನದ ಕೆಲಸ ನನಗೆ ಕಾಣಲಿಲ್ಲ.

ವ್ಯಂಗ್ಯದ ಬಗ್ಗೆ ಒಂದು ಮಾತು. ಬಡವರು ಸತ್ತರೆ ಜನಸಂಖ್ಯೆಯಾದರೂ ಕಡಿಮೆಯಾಗಲಿ ಎಂದು ಸ್ಕ್ರೂಜ್ ಆರಂಭದಲ್ಲಿ ಗೊಣಗಿದ್ದನ್ನೇ ಎರಡನೆಯ ಭೂತ ಅವನ ಗುಮಾಸ್ತನ ಕಾಯಿಲೆಯ ಮಗ ಟೈನಿ ಟಿಮ್‌ನ ವಿಷಯದಲ್ಲಿ ಅವನಿಗೆ ಹಿಂದಿರುಗಿಸುತ್ತದೆ. ಆಗ ಸ್ಕ್ರೂಜ್‌ನ ಪಾತ್ರ ಮಾಡಿದ ಮೈಕೇಲ್ ಕೇನ್ ಮುಖ ನೋಡು. ಸುತ್ತ ಕಪ್ಪೆ, ಹಂದಿಗಳ ಗೊಂಬೆಗಳಿದ್ದರೂ ಆತ ನಗಿಸಲು ಹೋಗುವುದಿಲ್ಲ.

ಆದರೆ ಒಂದು ವಿಷಯಕ್ಕೆ ನನಗೆ ಕೋಪವಿದೆ. ಪುಸ್ತಕದಲ್ಲಿ ಆ ಎರಡನೆಯ ಭೂತದ ನಿಲುವಂಗಿಯ ಅಡಿಯಿಂದ ಒಣಗಿ ಹೋದ ಇಬ್ಬರು ಮಕ್ಕಳು ಹೊರಬರುತ್ತಾರೆ: ಅಜ್ಞಾನ ಮತ್ತು ದಾರಿದ್ರ್ಯ. ಸಿನಿಮಾದಲ್ಲಿ ಅವರಿಲ್ಲ. ಅಪ್ಪ ಸಾಲಕ್ಕಾಗಿ ಜೈಲು ಸೇರಿದಾಗ 12 ವರ್ಷದ ಡಿಕನ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವನು. ಆ ಮಕ್ಕಳನ್ನು ಅಲಂಕಾರಕ್ಕೆಂದು ತಂದವನಲ್ಲ. ಅವರನ್ನು ತೆಗೆದರೆ ಒಬ್ಬ ಜಿಪುಣ ಒಳ್ಳೆಯವನಾದ ಕಥೆಯಷ್ಟೇ ಉಳಿಯುತ್ತದೆ. ಪ್ರಬಂಧದಲ್ಲಿ ಇದನ್ನು ಗಟ್ಟಿಯಾಗಿ ಬರೆ. ನಿಮ್ಮ ಮೇಡಂ ಒಪ್ಪದಿದ್ದರೆ ಅವರ ವಾದವನ್ನು ನನಗೆ ಬರೆದು ಕಳಿಸು, ಉತ್ತರ ಕೊಡುತ್ತೇನೆ.

ಇಂತು ನಿನ್ನ
ಅಪ್ಪ