ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ, ಮತ್ತೆ ನಿಮಗೆಲ್ಲ

ಅಮ್ಮ ಮನೆಗೆ ಬಂದಿದ್ದಾಳೆ. ಊಟ ಸೇರುತ್ತಿದೆ. ಸಾರಿಗೆ ಉಪ್ಪು ಕಡಿಮೆ ಅಂತ ಗದರುವಷ್ಟು ಚೇತರಿಸಿಕೊಂಡಿದ್ದಾಳೆ. ಏನಾಯಿತು, ಹೇಗಾಯಿತು ಅನ್ನೋದು ನಮ್ಮ ಟ್ಯಾರೋ ಬಳಗಕ್ಕೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ಬಳಗದಲ್ಲಿ ಇಲ್ಲದವರೂ ಇದನ್ನು ಓದಬಹುದು, ಅವರಿಗೆ ಒಂದು ಮಾತು. ಟ್ಯಾರೋ ಅಂದ ತಕ್ಷಣ ಭವಿಷ್ಯ ಹೇಳೋದು ಅಂತಲೇ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅದು ಶುರುವಾಗಿದ್ದು 15ನೇ ಶತಮಾನದ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಕೂತು ಆಡುವ ಆಟವಾಗಿ. ಭವಿಷ್ಯದ ನಂಟು ಎಷ್ಟೋ ಕಾಲದ ಮೇಲೆ ಬಂತು. ನಾವು ಸೇರಿರುವುದು ಚಿತ್ರಕ್ಕಾಗಿ. 78 ಎಲೆಗಳಲ್ಲಿ ಯಾರು ಎಂಥ ಗೆರೆ ಎಳೆದಿದ್ದಾರೆ, ಯಾವ ಬಣ್ಣ ಹಾಕಿದ್ದಾರೆ ಅಂತ ನೋಡುತ್ತೇವೆ, ಒಬ್ಬರಿಗೊಬ್ಬರು ತೋರಿಸುತ್ತೇವೆ. ಅಷ್ಟೇ.

ಈಗ ಅಕ್ಕನ ವಿಷಯ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಹಾಸನದ ಕಡೆಯವರು, ಈಗ ಇರುವುದು ನ್ಯೂಜೆರ್ಸಿಯಲ್ಲಿ. ನಾನು ಅವರನ್ನು ಇವತ್ತಿನವರೆಗೂ ಎದುರಿಗೆ ನೋಡಿಲ್ಲ.

ಆ ರಾತ್ರಿ ಡಾಕ್ಟರ್ "ಬೆಳಗ್ಗೆವರೆಗೂ ನೋಡೋಣ" ಅಂದು ಹೋಗಿದ್ದರು. ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ನಾನೊಬ್ಬಳೇ. ಅಕ್ಕನಿಗೆ ಮೆಸೇಜ್ ಮಾಡಿದೆ: "ಅಕ್ಕಾ, ನನಗೋಸ್ಕರ ಒಂದು ಎಲೆ ತೆಗೀರಿ. ಅಮ್ಮ ಉಳೀತಾಳಾ ಹೇಳಿ." ತಕ್ಷಣ ಫೋನ್ ಬಂತು. "ಅದನ್ನ ಎಲೆ ಹೇಳಲ್ಲ ಕಣೇ. ನಾನೂ ಹೇಳಲ್ಲ. ಬೆಳಗಾಗೋವರೆಗೂ ನಿನ್ನ ಜೊತೆ ಇರ್ತೀನಿ. ಬಾ, ಚಿತ್ರ ನೋಡೋಣ."

ಅವರಿಗೆ ಅಲ್ಲಿ ಹಗಲು, ಆಫೀಸಿನ ಹೊತ್ತು. ಅರ್ಧ ದಿನ ರಜೆ ಹಾಕಿ ಕೂತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು.

"ನಾನೀಗ ಕತ್ತಿ ಒಂಬತ್ತರ ಎಲೆ ಆಗಿದೀನಿ ಅಕ್ಕ" ಅಂದೆ. ಬಳಗದವರಿಗೆ ಆ ಎಲೆ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡವರು, ಹಿಂದೆ ಬರೀ ಕಪ್ಪು, ಅಡ್ಡಡ್ಡ ಒಂಬತ್ತು ಕತ್ತಿ. ಅಕ್ಕ ಅದೇ ಎಲೆಯ ಕೆಳಭಾಗವನ್ನು ಮಾತ್ರ ದೊಡ್ಡದು ಮಾಡಿ ಕಳಿಸಿದರು. "ಕತ್ತಿ ಬಿಡು, ಕೌದಿ ನೋಡು." ಕಾಲ ಮೇಲೆ ಹೊದ್ದ ಹೊದಿಕೆ ಅದು. ಚೌಕ ಚೌಕವಾಗಿದೆ. ಕೆಲವು ಚೌಕದಲ್ಲಿ ಗುಲಾಬಿ, ಕೆಲವದರಲ್ಲಿ ರಾಶಿ, ಗ್ರಹಗಳ ಗುರುತು. ಸಿಂಹ ಯಾವುದು, ಮೇಷ ಯಾವುದು ಅಂತ ಒಂದೊಂದೇ ಚೌಕ ನೋಡುತ್ತಾ ಹೋದೆವು. ಅಷ್ಟು ದುಃಖದ ಎಲೆಯಲ್ಲಿ ಅಷ್ಟು ಗುಲಾಬಿ ಬರೆದವಳು ಪಮೆಲಾ ಕೋಲ್‌ಮನ್ ಸ್ಮಿತ್. 1909ರಲ್ಲಿ ಇಡೀ ಕಟ್ಟಿನ ಚಿತ್ರ ಬರೆದುಕೊಟ್ಟಳು. ದೊಡ್ಡ ಕೆಲಸ, ಸಿಕ್ಕಿದ್ದು ತೀರಾ ಕಡಿಮೆ ದುಡ್ಡು ಅಂತ ಅವಳೇ ಕಾಗದದಲ್ಲಿ ಬರೆದಿದ್ದಾಳೆ. ಎಷ್ಟೋ ದಶಕ ಜನ ಅದನ್ನು ಪ್ರಕಾಶಕ ರೈಡರ್, ಬರೆಸಿದ ವೇಟ್ ಇಬ್ಬರ ಹೆಸರಲ್ಲಿ ರೈಡರ್-ವೇಟ್ ಅಂತಲೇ ಕರೆದರು, ಅವಳ ಹೆಸರು ಬಿಟ್ಟು. ಆದರೆ ಎಲೆಯ ಮೇಲೆ ಅವಳ ಸಹಿ ಇದೆ, ಮೂಲೆಯಲ್ಲಿ ಸುತ್ತಿಕೊಂಡ ಪುಟ್ಟ ಸಹಿ. ಅಕ್ಕ ಒಂದೊಂದೇ ಎಲೆ ಕಳಿಸೋದು, "ಸಹಿ ಹುಡುಕು" ಅನ್ನೋದು. ನಾನು ಹುಡುಕೋದು.

ಕತ್ತಿ ಆರು ಬಂದಾಗ ನನ್ನ ಕೈಲಿ ಆಗಲಿಲ್ಲ. ದೋಣಿಯಲ್ಲಿ ಮುಸುಕು ಹಾಕಿಕೊಂಡು ಬಗ್ಗಿ ಕೂತ ಹೆಂಗಸು, ಪಕ್ಕದಲ್ಲಿ ಮಗು. ಜೋರಾಗಿ ಅತ್ತುಬಿಟ್ಟೆ. ಅಕ್ಕ ಸುಮ್ನೆ ಲೈನಿನಲ್ಲೇ ಇದ್ದರು. ಸಮಾಧಾನ ಮಾಡಲಿಲ್ಲ, ಫೋನ್ ಇಡಲೂ ಇಲ್ಲ. ಅಳು ನಿಂತ ಮೇಲೆ ಕೇಳಿದರು: "ದೋಣಿಯ ಒಂದು ಕಡೆ ನೀರು ಅಲೆ ಅಲೆಯಾಗಿದೆ, ಇನ್ನೊಂದು ಕಡೆ ಇಲ್ಲ. ನೋಡಿದೀಯಾ?" ಅದರ ಅರ್ಥ ಹೇಳಲಿಲ್ಲ. ನೋಡಿದೆಯಾ ಅಂತ ಕೇಳಿದರು ಅಷ್ಟೇ.

ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಸೂರ್ಯನ ಎಲೆ ಬಂತು, ಅಮ್ಮ ಹುಷಾರಾಗ್ತಾಳೆ ಅಂತ ಹೇಳಿಬಿಡೋದು ಅವರಿಗೆ ಎಷ್ಟು ಸುಲಭವಿತ್ತು. ನಾನು ಅದನ್ನು ನಂಬಿಬಿಡುತ್ತಿದ್ದೆ. ಬೆಳಗ್ಗೆ ಬೇರೆ ಸುದ್ದಿ ಬಂದಿದ್ದರೆ? ಈ ಚಿತ್ರಗಳನ್ನು ಮತ್ತೆಂದೂ ಮುಟ್ಟುತ್ತಿರಲಿಲ್ಲ, ಅಕ್ಕನ ಜೊತೆ ಮಾತೂ ಆಡುತ್ತಿರಲಿಲ್ಲವೇನೋ. ಅಕ್ಕ, ಆ ರಾತ್ರಿ ನೀವು ನನಗೆ ಸುಳ್ಳು ಹೇಳಲಿಲ್ಲ. ಒಬ್ಬಳನ್ನೇ ಬಿಡಲೂ ಇಲ್ಲ. ಈ ಋಣ ನನ್ನ ಮೇಲೆ ಹಾಗೇ ಇರಲಿ.

ಆಸ್ಪತ್ರೆಗೆ ಊಟ ತಂದುಕೊಟ್ಟವರು, ರಕ್ತ ಕೊಟ್ಟ ಹುಡುಗರು, ಇಟಲಿಯ ಹಳೇ ಟ್ಯಾರೋ ಕಟ್ಟು ವಿಸ್ಕೊಂಟಿ-ಸ್ಫೋರ್ಜಾದ ಬಂಗಾರದ ಹಿನ್ನೆಲೆಯ ಎಲೆಗಳನ್ನು ದಿನಾ ಬೆಳಗ್ಗೆ ಕಳಿಸಿದವರು, ಫ್ರಾನ್ಸಿನ 1760ರ ಮಾರ್ಸೇ ಟ್ಯಾರೋ ಕಟ್ಟಿನ ಬಣ್ಣದ ಬಗ್ಗೆ ಬರೆದು ನನ್ನ ಮನಸ್ಸು ಬೇರೆ ಕಡೆ ತಿರುಗಿಸಿದವರು, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್.

ಮೈಸೂರಿನ ಗೆಳತಿ ಕಳಿಸಿದ ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ನಮ್ಮ ಹಳೇ ಆಟದ ಎಲೆಗಳ ಫೋಟೋಗಳು ಅಮ್ಮನಿಗೆ ಬಹಳ ಹಿಡಿಸಿವೆ. ದಶಾವತಾರದ ಕಟ್ಟು, ಗುಂಡನೆಯ 120 ಎಲೆ. ಕನ್ನಡಕ ಹಾಕಿಕೊಂಡು ಮತ್ಸ್ಯನ ಹುರುಪೆ ನೋಡುತ್ತಾ, "ಇಷ್ಟು ಸಣ್ಣ ಕುಂಚ ಎಲ್ಲಿ ಸಿಗ್ತದೆ ಕೇಳು" ಅಂದಳು. ಕೇಳಿದ್ದೇನೆ, ಉತ್ತರ ಬರಬೇಕು.

ಈ ವಾರದ ಎಲೆ ನನ್ನ ಪಾಳಿ. ಸೋಲಾ ಬುಸ್ಕಾ ಅನ್ನುವ 15ನೇ ಶತಮಾನದ ಇಟಲಿಯ ಕಟ್ಟಿನ ಕತ್ತಿ ಮೂರನ್ನು ಸ್ಮಿತ್ ಬರೆದ ಕತ್ತಿ ಮೂರರ ಪಕ್ಕ ಇಟ್ಟು ಹಾಕುತ್ತೇನೆ. ಸೋಲಾ ಬುಸ್ಕಾದ ಫೋಟೋಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಬಂದದ್ದು 1907ರಲ್ಲಿ. ಎರಡರಲ್ಲೂ ಹೃದಯಕ್ಕೆ ನೆಟ್ಟ ಮೂರು ಕತ್ತಿ ಇವೆ. ಅವಳು ಅದನ್ನು ನೋಡಿಯೇ ಬರೆದಿದ್ದಾಳೆ ಅಂತ ನನಗನ್ನಿಸುತ್ತದೆ. ನೀವೇನಂತೀರಿ, ಭಾನುವಾರ ಹೇಳಿ.