ಡಿಸ್ಚಾರ್ಜ್ ದಿನದ ಅಂಕಿ ಸಾಲದು

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಮನೋಚಿಕಿತ್ಸೆಯಿಂದ ಗುಣ ಕಾಣುತ್ತದೆಯೇ ಎಂದು ಕೇಳಿದರೆ ಸಾಮಾನ್ಯವಾಗಿ ಎರಡೇ ಅಂಕಿ ತೋರಿಸುತ್ತಾರೆ, ಸೇರಿದ ದಿನದ್ದು ಮತ್ತು ಡಿಸ್ಚಾರ್ಜ್ ಆದ ದಿನದ್ದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 18 ಇದ್ದದ್ದು 9ಕ್ಕೆ ಇಳಿದರೆ ಫೈಲು ಮುಚ್ಚುತ್ತದೆ. 5 ಅಂಕ ಇಳಿದರೂ ಅದು ನಿಜವಾದ ಸುಧಾರಣೆಯೇ, ಒಪ್ಪೋಣ. ಆದರೆ ಜನ ದಾಖಲಾಗುವುದೇ ಸ್ಥಿತಿ ತೀರಾ ಹದಗೆಟ್ಟಾಗ. ಅಲ್ಲಿಂದ ಒಂದಿಷ್ಟು ಇಳಿತ ಚಿಕಿತ್ಸೆ ಇಲ್ಲದೆಯೂ ಆಗುತ್ತದೆ. ನಡುವೆ ಬಿಟ್ಟುಹೋದವರಂತೂ ಲೆಕ್ಕಕ್ಕೇ ಬರುವುದಿಲ್ಲ.

ಮನೋದೈಹಿಕ ತೊಂದರೆ, ಅಂದರೆ ಮನಸ್ಸಿನ ಒತ್ತಡ ದೇಹದಲ್ಲಿ ಕಾಣಿಸಿಕೊಳ್ಳುವ ತೊಂದರೆ ಇದ್ದವರಲ್ಲಿ ತೊಡಕು ಇನ್ನೂ ಆಳ. ಪ್ಯಾನಿಕ್ ಬರುವವರನ್ನೇ ನೋಡಿ. ಎದೆ ಡವಡವ ಎನ್ನುತ್ತದೆ, ‘ಹಾರ್ಟ್ ಅಟ್ಯಾಕೇ ಇರಬೇಕು’ ಎಂಬ ಭಯ, ಉಸಿರು ಬೇಗಬೇಗ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮ್ಮೆನ್ನುತ್ತವೆ, ಭಯ ಇಮ್ಮಡಿಯಾಗುತ್ತದೆ. ಈ ಗಂಟು ಬಿಡಿಸಲು ಚಿಕಿತ್ಸಕರ ಎದುರು ಒಂದು ನಿಮಿಷ ಜೋರಾಗಿ ಉಸಿರಾಡಿಸಿ, ಅದೇ ಜುಮ್ಮನ್ನು ಬೇಕೆಂದೇ ಬರಿಸಿ, ತಾನಾಗಿ ಇಳಿಯುವವರೆಗೆ ಸುಮ್ಮನೆ ಕೂರಿಸಲಾಗುತ್ತದೆ. ಹೃದ್ರೋಗ, ಆಸ್ತಮಾ, ಅಪಸ್ಮಾರ ಇದ್ದವರಿಗೆ ಇದು ಸಲ್ಲದು, ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ವಾರ್ಡಿನಲ್ಲಿ ಅಭ್ಯಾಸ ಚೆನ್ನಾಗಿಯೇ ಸಾಗುತ್ತದೆ. ಆದರೆ ಅಲ್ಲಿ ಕೈಗೆಟಕುವಲ್ಲಿ ಬೆಲ್ ಇದೆ, ನರ್ಸ್ ಇದ್ದಾರೆ, ಇಸಿಜಿ ಇದೆ. ‘ಆಸ್ಪತ್ರೆಯಲ್ಲಿದ್ದರೆ ಅಪಾಯವಿಲ್ಲ’ ಎಂಬುದನ್ನಷ್ಟೇ ಮನಸ್ಸು ಕಲಿತುಬಿಡುತ್ತದೆ. ಮನೆಗೆ ಹೋದ ಮೊದಲ ರಾತ್ರಿ ಮತ್ತದೇ ಡವಡವ.

ಆದ್ದರಿಂದ ಡಿಸ್ಚಾರ್ಜ್‌ಗೆ ಮುಂಚೆಯೇ ಒಂದೆರಡು ದಿನ ಮನೆಗೆ ಕಳುಹಿಸಬೇಕು. ಮೆಟ್ಟಿಲು ಹತ್ತುವುದು, ಕೋಣೆಯಲ್ಲಿ ಒಬ್ಬರೇ ಮಲಗುವುದು, ಎಷ್ಟು ಹೊತ್ತಿಗೆ ಭಯ ಇಳಿಯಿತು ಎಂದು ಬರೆದಿಡುವುದು, ಇವನ್ನು ಅಭ್ಯಾಸವಾಗಿ ಕೊಟ್ಟು, ವಾಪಸ್ ಬಂದಾಗ ಎಡವಿದ್ದೆಲ್ಲಿ ಎಂದು ಜೊತೆಗೆ ಕೂತು ನೋಡಬೇಕು. ಮನೆಯವರನ್ನೂ ಕರೆಸಬೇಕು. ಅವರು ಕಾಳಜಿಯಿಂದಲೇ ಪದೇ ಪದೇ ನಾಡಿ ಹಿಡಿದು ನೋಡುತ್ತಿದ್ದರೆ ಕಲಿತದ್ದೆಲ್ಲ ಕರಗಿಹೋಗುತ್ತದೆ. ಇಂಥ ಅಭ್ಯಾಸಗಳ ಮೂಲಕ ಯೋಚನೆ, ನಡವಳಿಕೆ ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆಗೆ (ಸಿಬಿಟಿ) ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು. ವಾರ್ಡಿನಲ್ಲಿ ಅದೆಲ್ಲ ಮುಗಿಯುವುದು ಅಪರೂಪ. ಹಾಗಾಗಿ ಮೊದಲ ಹೊರರೋಗಿ ಭೇಟಿ ಒಂದು ವಾರದೊಳಗೇ ನಿಗದಿಯಾಗಿ, ಆ ಚೀಟಿ ಕೈಯಲ್ಲಿ ಹಿಡಿದೇ ರೋಗಿ ಹೊರಡಬೇಕು. ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಡಿಸ್ಚಾರ್ಜ್ ನಂತರದ ಮೊದಲ ವಾರಗಳಲ್ಲೇ.

ಏನನ್ನು ಅಳೆಯುತ್ತೇವೆ ಎಂಬುದೂ ಮುಖ್ಯ. ಅಪಸ್ಮಾರವಲ್ಲದ, ಮನಸ್ಸಿನ ಒತ್ತಡದ ಫಿಟ್ಸ್ ಇದ್ದ 368 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವಿದೆ. ಅರಿವಿನ ವರ್ತನಾ ಚಿಕಿತ್ಸೆ ಪಡೆದವರಲ್ಲಿ 12 ತಿಂಗಳ ಬಳಿಕವೂ ಫಿಟ್ಸ್‌ಗಳ ಸಂಖ್ಯೆ ಉಳಿದವರಿಗಿಂತ ಗಮನಾರ್ಹವಾಗಿ ತಗ್ಗಲಿಲ್ಲ. ಆದರೆ ದಿನನಿತ್ಯದ ಬದುಕಿಗೆ ಬೀಳುತ್ತಿದ್ದ ಅಡ್ಡಿ, ಮಾನಸಿಕ ಯಾತನೆ ಕಡಿಮೆಯಾದವು. ಫಿಟ್ಸ್ ಮಾತ್ರ ಎಣಿಸಿದ್ದರೆ ‘ವಿಫಲ’ ಎಂದು ಬರೆದು ಮುಗಿಸಬಹುದಿತ್ತು.

ಸೇರಿದಾಗ, ಚಿಕಿತ್ಸೆಯ ನಡುವೆ, ಡಿಸ್ಚಾರ್ಜ್ ಆಗುವಾಗ ಮತ್ತು 6 ತಿಂಗಳ ನಂತರ, ನಾಲ್ಕು ಸಲ ಅಳೆಯಲಿ. ಕೆಲಸಕ್ಕೆ ಹೋದ ದಿನಗಳೆಷ್ಟು, ತುರ್ತು ವಿಭಾಗಕ್ಕೆ ಓಡಿದ್ದೆಷ್ಟು ಸಲ ಎಂದೂ ಕೇಳಲಿ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಒಟ್ಟು ಅಂಕ ಎಷ್ಟೇ ಇಳಿದಿರಲಿ, ಆ ಪ್ರಶ್ನೆಗೆ 1 ಬಂದರೂ ಅದೇ ದಿನ ರೋಗಿಯೊಡನೆ ಕೂತು ಮಾತಾಡಬೇಕು.

– ಮನೋಚಿಕಿತ್ಸಾ ವಿಭಾಗವೊಂದರ ಸಿಬ್ಬಂದಿ